ಟೆನ್ನಿಸ್ ಎಲ್ಬೋ: ಶಾಕ್‌ವೇವ್‌ಗೆ ದುಡ್ಡು ಕಟ್ಟಬೇಕಾ?

ಪ್ರಶ್ನೆ: ಡಾಕ್ಟ್ರೇ, ನನಗೆ 44 ವರ್ಷ. ಪೀಣ್ಯದಲ್ಲಿ ಫಿಟ್ಟರ್ ಕೆಲಸ. ಎಂಟು ತಿಂಗಳಿಂದ ಬಲ ಮೊಣಕೈ ಹೊರಭಾಗ ನೋವು, ಸ್ಪ್ಯಾನರ್ ತಿರುಗಿಸಿದರೆ ಜೀವ ಹೋಗುತ್ತದೆ. ಟೆನ್ನಿಸ್ ಎಲ್ಬೋ ಅಂತ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. ಎರಡು ತಿಂಗಳು ಆರಾಮಾಗಿತ್ತು, ಮತ್ತೆ ಶುರು. ಈಗ ಇನ್ನೊಂದು ಕ್ಲಿನಿಕ್‌ನವರು ಹತ್ತು ಸಿಟ್ಟಿಂಗ್ ಶಾಕ್‌ವೇವ್ ಬೇಕು, ದುಡ್ಡು ಮೊದಲೇ ಕಟ್ಟಿ ಅನ್ನುತ್ತಿದ್ದಾರೆ. ಅದೇನು ಕರೆಂಟ್ ಶಾಕಾ? ಮಾಡಿಸಲಾ, ಬೇಡವಾ?
– ಓದುಗ, ದಾಸರಹಳ್ಳಿ

ಉತ್ತರ: ಕರೆಂಟ್ ಅಲ್ಲ, ಹೆದರಬೇಡಿ. ಅದು ಒತ್ತಡದ ಅಲೆ. 1980ರಲ್ಲಿ ಮ್ಯೂನಿಕ್‌ನಲ್ಲಿ ಕಿಡ್ನಿ ಕಲ್ಲು ಪುಡಿ ಮಾಡಲು ಮೊದಲು ಬಳಸಿದ್ದು ಇದೇ ಜಾತಿಯದು, ಮೊಣಕೈಗೆ ಕೊಡುವುದು ಅದಕ್ಕಿಂತ ಸೌಮ್ಯ. ಜೆಲ್ ಹಚ್ಚಿ, ನೋವಿರುವ ಜಾಗಕ್ಕೆ ಗನ್ ಥರದ್ದು ಒತ್ತಿ, ಟಕಟಕ ಅಂತ ಒಂದೂವರೆ ಎರಡು ಸಾವಿರ ಏಟು ಕೊಡುತ್ತಾರೆ. ಆ ಹೊತ್ತಿಗೆ ನೋಯುತ್ತದೆ. ಆಮೇಲೆ ಸ್ವಲ್ಪ ಕೆಂಪಗಾಗಬಹುದು, ಕಂದಬಹುದು, ಅಷ್ಟೇ.

ಗುಣ ಸಿಗುತ್ತದಾ? ಇಲ್ಲೇ ಕ್ಲಿನಿಕ್‌ನವರು ಬಾಯಿ ಬಿಡುವುದಿಲ್ಲ. ಚಿಕಿತ್ಸೆಗಳ ಪ್ರಯೋಗಗಳನ್ನು ಜರಡಿ ಹಿಡಿದು ನೋಡುವ ಕೊಕ್ರೇನ್ ಸಂಸ್ಥೆಯ 2005ರ ವಿಮರ್ಶೆ ಅಲ್ಲಿಯವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟಿಗೆ ನೋಡಿ, ಬರೀ ತೋರಿಕೆಗೆ ಮಾಡಿದ ಸುಳ್ಳು ಚಿಕಿತ್ಸೆ ಪಡೆದವರಿಗೂ ನಿಜವಾದ ಶಾಕ್‌ವೇವ್ ಪಡೆದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ ಅಂದಿತು. ನಂತರದ ಕೆಲವು ಪ್ರಯೋಗಗಳಲ್ಲಿ ಉಪಯೋಗ ಕಂಡಿದೆ, ಇನ್ನು ಕೆಲವು ಪ್ರಯೋಗಗಳಲ್ಲಿ ಇಲ್ಲ. ಹಾಗಾಗಿ ಇದು ಮೋಸ ಅನ್ನಲ್ಲ, ಮೊದಲ ಮದ್ದು ಅಂತಲೂ ಹೇಳಲ್ಲ.

ನಿಮ್ಮ ಪತ್ರದಲ್ಲಿ ವ್ಯಾಯಾಮದ ಸುದ್ದಿಯೇ ಇಲ್ಲ! ಅಸಲಿ ಚಿಕಿತ್ಸೆ ಅದೇ. ಇಷ್ಟು ಹಳೆಯ ಟೆನ್ನಿಸ್ ಎಲ್ಬೋದಲ್ಲಿ ಊತಕ್ಕಿಂತ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಸವೆದಿರುವುದೇ ಜಾಸ್ತಿ, ಅದಕ್ಕೇ ಸ್ಟೀರಾಯ್ಡ್ ಸುಮ್ನೆ ಕೆಲ ವಾರ ನೋವು ಅಡಗಿಸುತ್ತದೆ, ವರ್ಷದ ಲೆಕ್ಕದಲ್ಲಿ ನೋಡಿದರೆ ಅದನ್ನು ತೆಗೆದುಕೊಂಡವರೇ ಹಿಂದುಳಿಯುತ್ತಾರೆ. ಇನ್ನೊಂದು ಇಂಜೆಕ್ಷನ್ ಬೇಡ.

ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಕೆಳಮುಖವಾಗಿ, ಮಣಿಕಟ್ಟು ಅಂಚಿನಿಂದ ಆಚೆ ಬರುವ ಹಾಗೆ ಕೂರಿ. ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು, ಎಡಗೈ ಸಹಾಯದಿಂದ ಮೇಲೆತ್ತಿ, ಬಲಗೈಯೊಂದರಿಂದಲೇ ನಿಧಾನವಾಗಿ ಇಳಿಸಿ. ಸ್ವಲ್ಪ ನೋವು ಪರವಾಗಿಲ್ಲ, ಮರುದಿನ ಬೆಳಿಗ್ಗೆ ಜಾಸ್ತಿಯಾದರೆ ಭಾರ ಕಡಿಮೆ ಮಾಡಿ. ಮೂರು ತಿಂಗಳು ಬಿಡದೆ ಮಾಡಬೇಕು, ಒಬ್ಬ ಫಿಸಿಯೋ ಒಮ್ಮೆ ಸರಿಯಾಗಿ ತೋರಿಸಿಕೊಟ್ಟರೆ ಒಳ್ಳೆಯದು. ಸ್ಪ್ಯಾನರ್ ಹಿಡಿಗೆ ಹಳೇ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿಕೊಳ್ಳಿ. ಭಾರ ಎತ್ತುವಾಗ ಅಂಗೈ ಮೇಲ್ಮುಖ ಇರಲಿ.

ಇಷ್ಟಾದರೂ ಜಗ್ಗದಿದ್ದರೆ ಶಾಕ್‌ವೇವ್ ನೋಡಬಹುದು, ವ್ಯಾಯಾಮ ಬಿಡದೆ. ಸಾಮಾನ್ಯವಾಗಿ ವಾರಕ್ಕೊಂದರಂತೆ ಮೂರರಿಂದ ಐದು ಸಿಟ್ಟಿಂಗ್ ಸಾಕು. ಹತ್ತು ಯಾಕೆ ಅಂತ ಅವರನ್ನೇ ಕೇಳಿ, ದುಡ್ಡು ಒಂದೊಂದಕ್ಕೇ ಕೊಡಿ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿಬಿಡಿ, ಅಂಥವರಿಗೆ ಇದನ್ನು ಮಾಡುವುದಿಲ್ಲ. ಬೆರಳು ಜೋಮು ಹಿಡಿಯುವುದು, ಕತ್ತಿನಿಂದ ನೋವು ಇಳಿಯುವುದು ಇದ್ದರೆ ಅದು ಬೇರೆ ಕಾಯಿಲೆ ಇರಬಹುದು, ಜಯನಗರದ ಸಂಜಯ್ ಗಾಂಧಿ ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ತೋರಿಸಿಕೊಳ್ಳಿ.