ಹಳೆಯ ಕಂಪ್ಯೂಟರ್ ಗೇಮ್‌ಗಳ ಪೆಟ್ಟಿಗೆಗಳನ್ನು ಇಟ್ಟುಕೊಳ್ಳುವುದರಲ್ಲಿ ಅರ್ಥವಿದೆಯೇ?

ದಯವಿಟ್ಟು ರದ್ದಿಗೆ ಹಾಕಬೇಡಿ. ಅಣ್ಣ ಬೆಂಗಳೂರಿಗೆ ಹೋಗುವಾಗ ಬಿಟ್ಟುಹೋದ ಗೇಮ್ ಪೆಟ್ಟಿಗೆಗಳು ಅಟ್ಟದಲ್ಲಿವೆ, ಮನೆಯ ಲ್ಯಾಪ್‌ಟಾಪಿಗೆ ಸಿ.ಡಿ. ಡ್ರೈವ್ ಇಲ್ಲ, ಆಟಗಳೆಲ್ಲ ಡೌನ್‌ಲೋಡ್ ಆಗಿ ಸಿಗುವಾಗ ಇವು ಯಾಕೆ ಬೇಕು ಎಂದು ಕೇಳಿದ್ದೀರಿ. ನಾನು ರಾಯಚೂರಿನವನು. ಇಂಥ ಪೆಟ್ಟಿಗೆಗಳನ್ನು ಹುಡುಕಿ ತಂದು ಜೋಪಾನ ಮಾಡುತ್ತೇನೆ. ನನ್ನ ಪ್ರಕಾರ ಅವುಗಳಲ್ಲಿ ಮೊದಲು ಉಳಿಸಬೇಕಾದದ್ದು ಸಿ.ಡಿ.ಯಲ್ಲ, ಅದರ ಜೊತೆಗಿರುವ ಕಾಗದ.

ಏಕೆಂದರೆ ಆಗಿನ ಎಷ್ಟೋ ಆಟಗಳ ಒಂದು ಭಾಗ ಕಾಗದದಲ್ಲೇ ಇರುತ್ತಿತ್ತು. 1982ರಲ್ಲಿ ಇನ್ಫೋಕಾಮ್ ಕಂಪನಿ ‘ಡೆಡ್‌ಲೈನ್’ ಎಂಬ ಪತ್ತೇದಾರಿ ಆಟ ತಂದಾಗ ಹೇಳಬೇಕಾದ ಕಥೆಯೆಲ್ಲ ಫ್ಲಾಪಿಯಲ್ಲಿ ಹಿಡಿಸಲಿಲ್ಲ. ಹಾಗಾಗಿ ಸಾಕ್ಷಿಗಳ ಹೇಳಿಕೆ, ಪ್ರಯೋಗಾಲಯದ ವರದಿ, ಸಣ್ಣ ಚೀಲದಲ್ಲಿ ಮಾತ್ರೆಗಳು, ಎಲ್ಲವನ್ನೂ ಪೊಲೀಸ್ ಕಡತದ ರೂಪದಲ್ಲಿ ಪೆಟ್ಟಿಗೆಯೊಳಗೇ ಇಟ್ಟರು. 1985ರ ‘ಅಲ್ಟಿಮಾ 4’ ಜೊತೆ ಬಟ್ಟೆಯ ಮೇಲೆ ಮುದ್ರಿಸಿದ ನಕ್ಷೆ ಬಂತು. 1990ರ ‘ಮಂಕಿ ಐಲ್ಯಾಂಡ್’ ಪೆಟ್ಟಿಗೆಯಲ್ಲಿ ಒಂದರ ಮೇಲೊಂದು ತಿರುಗುವ ರಟ್ಟಿನ ಚಕ್ರಗಳಿದ್ದವು. ಪರದೆಯ ಮೇಲೆ ಕಾಣುವ ಕಡಲ್ಗಳ್ಳನ ಮುಖವನ್ನು ಚಕ್ರ ತಿರುಗಿಸಿ ಹೊಂದಿಸಿ, ಅಲ್ಲಿ ಕಾಣುವ ಇಸವಿಯನ್ನು ಟೈಪ್ ಮಾಡಿದರೆ ಮಾತ್ರ ಆಟ ಮುಂದುವರಿಯುತ್ತಿತ್ತು. ನಕಲು ತಡೆಯುವ ಬೀಗವನ್ನೇ ಆಟಿಕೆ ಮಾಡಿದ ಆ ಜಾಣ್ಮೆಗೆ ನಾನು ಇವತ್ತಿಗೂ ಮನಸೋಲುತ್ತೇನೆ.

ನಮ್ಮ ಊರಿನಲ್ಲಿ ಇದೆಲ್ಲ ಕಾಣಲು ಸಿಗುತ್ತಿರಲಿಲ್ಲ. ಇಲ್ಲಿಗೆ ಬರುತ್ತಿದ್ದದ್ದು ಪಾಲಿಥೀನ್ ಚೀಲದಲ್ಲಿ ಹಾಕಿದ, ಮಾರ್ಕರಿನಲ್ಲಿ ಹೆಸರು ಗೀಚಿದ ಸಿ.ಡಿ. ಊರೆಲ್ಲ ಕಾರು ಓಡಿಸುವ ‘ವೈಸ್ ಸಿಟಿ’ಯಂಥ ಆಟದಲ್ಲಿ ಕಾರಿನ ರೇಡಿಯೋ ಹಾಡುಗಳನ್ನೇ ಕತ್ತರಿಸಿ ಗಾತ್ರ ಇಳಿಸಿದ ಪ್ರತಿಗಳು ಓಡಾಡುತ್ತಿದ್ದವು. ಆ ಕಾರುಗಳಲ್ಲಿ ಹಾಡು ಬರಬೇಕು ಎಂಬುದೇ ನಮ್ಮಲ್ಲಿ ಅನೇಕರಿಗೆ ತಿಳಿದಿರಲಿಲ್ಲ. ಅಸಲಿ ಪೆಟ್ಟಿಗೆ ಬೇಕೆಂದರೆ ಹೈದರಾಬಾದಿಗೇ ಹೋಗಬೇಕು. ನಮಗೆ ಬೆಂಗಳೂರಿಗಿಂತ ಅದೇ ಹತ್ತಿರ. ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನಲ್ಲಿ ಕಂಪ್ಯೂಟರ್ ಸಾಮಾನು ಕೊಳ್ಳುವುದು, ಭಾನುವಾರವಾದರೆ ಅಬಿಡ್ಸ್ ಫುಟ್‌ಪಾತಿನ ಹಳೆಯ ಪುಸ್ತಕಗಳ ರಾಶಿ ಕೆದಕುವುದು ನನ್ನ ರೂಢಿ.

ರಾಜ್ಯ ಕಟ್ಟಿ ಯುದ್ಧ ಮಾಡುವ ಆಟವಾದ 1999ರ ‘ಏಜ್ ಆಫ್ ಎಂಪೈರ್ಸ್ 2’ರ ಪೆಟ್ಟಿಗೆ ನನಗೆ ಅಲ್ಲೇ ಸಿಕ್ಕಿತು. ಅದರಲ್ಲಿ ಮಡಚಿಟ್ಟ ಒಂದು ದೊಡ್ಡ ಹಾಳೆಯಿದೆ. ಬಿಡಿಸಿದರೆ ನಾಲ್ಕು ಯುಗಗಳು, ಯಾವ ಕಟ್ಟಡದಿಂದ ಯಾವ ಸೈನಿಕ ಬರುತ್ತಾನೆ, ಯಾವ ವಿದ್ಯೆಯ ನಂತರ ಯಾವುದು ಎಂಬುದೆಲ್ಲ ವಂಶವೃಕ್ಷದ ಹಾಗೆ ಕವಲೊಡೆದು ನಿಂತಿದೆ. ಹಿಂದಿನ ಮಾಲೀಕ ಕುದುರೆ ಸವಾರರ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಸಣ್ಣ ಗುರುತು ಹಾಕಿದ್ದಾನೆ, ಒಂದೆಡೆ ಅಳಿಸಿ ಮತ್ತೆ ಬರೆದಿದ್ದಾನೆ. ಮಡಿಕೆಯ ಗೆರೆಗಳಲ್ಲಿ ಬಣ್ಣ ಹಾರಿ ಬಿಳಿ ನೂಲಿನಂತೆ ಕಾಣುತ್ತದೆ. ಆಟ ಆಡದ ಹೊತ್ತಿನಲ್ಲೂ ಆ ಹುಡುಗ ಇದನ್ನು ಹಾಸಿಕೊಂಡು ಮುಂದಿನ ಯುದ್ಧದ ಲೆಕ್ಕ ಹಾಕುತ್ತಿದ್ದ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಡೌನ್‌ಲೋಡ್ ಮಾಡಿದ ಆಟದಲ್ಲಿ ಇಂಥ ಗುರುತು ಉಳಿಯುವುದಿಲ್ಲ.

2000ದ ಆಸುಪಾಸಿನಲ್ಲಿ ಅಂಗಡಿಗಳ ಕಪಾಟಿನ ಜಾಗ ಉಳಿಸಲು ಪೆಟ್ಟಿಗೆಗಳು ಕುಗ್ಗಿದವು. ಆಮೇಲೆ ಡಿವಿಡಿ ಕೇಸು ಬಂತು. 2003ರಲ್ಲಿ, ಆಟಗಳನ್ನು ಇಂಟರ್ನೆಟ್ ಮೂಲಕವೇ ತಲುಪಿಸುವ ಸ್ಟೀಮ್ ಎಂಬ ಸೇವೆ ಶುರುವಾಯಿತು. ಮರುವರ್ಷ ‘ಹಾಫ್ ಲೈಫ್ 2’ರ ಪೆಟ್ಟಿಗೆ ಕೊಂಡವರೂ ಇಂಟರ್ನೆಟ್ ಮೂಲಕ ಸ್ಟೀಮಿಗೆ ಹೋಗಲೇಬೇಕಾಯಿತು.

ಪೋಲೆಂಡಿನ ಸಿ.ಡಿ. ಪ್ರಾಜೆಕ್ಟ್ ಕಂಪನಿಯ ಕೆಲಸ ಇಲ್ಲಿ ನೆನಪಾಗುತ್ತದೆ. 1990ರ ದಶಕದಲ್ಲಿ ಅಲ್ಲಿಯೂ ನಮ್ಮಲ್ಲಿಯಂತೆ ನಕಲಿ ಸಿ.ಡಿ.ಗಳದ್ದೇ ರಾಜ್ಯವಾಗಿತ್ತು. ಅವರು ‘ಬಾಲ್ಡರ್ಸ್ ಗೇಟ್’ ಆಟಕ್ಕೆ ಪೋಲಿಷ್ ಭಾಷೆಯ ದನಿ ಕೊಟ್ಟು, ಪೆಟ್ಟಿಗೆಯಲ್ಲಿ ನಕ್ಷೆ, ನಿಯಮಪುಸ್ತಕ, ಸಂಗೀತದ ಸಿ.ಡಿ. ತುಂಬಿ ಮಾರಿದರು, ಜನ ಕಾಸು ಕೊಟ್ಟು ಕೊಂಡರು. ಕನ್ನಡದಲ್ಲಿ ಅಂಥದ್ದೊಂದು ಕೈಪಿಡಿ ಬಂದಿದ್ದರೆ ನಮ್ಮ ಹುಡುಗರೂ ದುಡ್ಡು ಕೂಡಿಸಿ ಕೊಳ್ಳುತ್ತಿದ್ದರು ಎಂದು ನಾನು ನಂಬಿದ್ದೇನೆ.

ಇನ್ನು ಜೋಪಾನದ ಮಾತು. ಮೊದಲು ಅವುಗಳನ್ನು ಅಟ್ಟದಿಂದ ಇಳಿಸಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಚಾವಣಿಯ ಕೆಳಗಿನ ಅಟ್ಟ ಒಲೆಯಾಗಿರುತ್ತದೆ. ಅಂಟು ಒಣಗಿ ಕೈಪಿಡಿಯ ಹಾಳೆಗಳು ಕಳಚುತ್ತವೆ. ಗೆದ್ದಲು ಹತ್ತದ ಕಬ್ಬಿಣದ ಕಪಾಟಿನಲ್ಲಿ, ಬಿಸಿಲು ಬೀಳದ ಕೋಣೆಯಲ್ಲಿ ನಿಲ್ಲಿಸಿಡಿ. ರಬ್ಬರ್ ಬ್ಯಾಂಡ್ ಹಾಕಬೇಡಿ, ಸೆಖೆಗೆ ಕರಗಿ ರಟ್ಟಿಗೆ ಹಿಡಿದುಕೊಳ್ಳುತ್ತದೆ. ಸೆಲ್ಲೋಟೇಪೂ ಬೇಡ, ಹಳದಿ ಕಲೆ ಉಳಿಯುತ್ತದೆ. ಸಿ.ಡಿ.ಯ ಹೊಳೆಯುವ ಬದಿಯನ್ನಷ್ಟೇ ಕಾಪಾಡಿದರೆ ಸಾಲದು. ಮಾಹಿತಿ ಇರುವ ಪದರ ಹೆಸರು ಮುದ್ರಿಸಿದ ಬದಿಗೇ ಅಂಟಿಕೊಂಡಿರುವುದರಿಂದ ಆ ಕಡೆ ಗೀರು ಬಿದ್ದರೆ ನಷ್ಟ ಹೆಚ್ಚು.

ಸೇಫ್‌ಡಿಸ್ಕ್ ಎಂಬ ನಕಲು ತಡೆ ಇರುವ ಸಿ.ಡಿ.ಗಳು ವಿಂಡೋಸ್ 10ರಲ್ಲಿ ನಡೆಯುವುದಿಲ್ಲ. ಅದಕ್ಕೆ ಬೇಸರ ಬೇಡ. ಹಳೆಯ ಆಟಗಳನ್ನು ಈಗಿನ ಕಂಪ್ಯೂಟರಿಗೆ ಹೊಂದಿಸಿ ಮಾರುವ ಜಿಒಜಿ (GOG) ತಾಣದಲ್ಲಿ ಅದೇ ಆಟವಿದ್ದರೆ ಅಲ್ಲಿ ಕೊಂಡು ಆಡಿ, ನಕ್ಷೆ ಮತ್ತು ಕೈಪಿಡಿಯನ್ನು ಅಣ್ಣನ ಪೆಟ್ಟಿಗೆಯಿಂದಲೇ ತೆಗೆದು ಮೇಜಿನ ಮೇಲೆ ಹರಡಿಕೊಳ್ಳಿ. ಆಟವನ್ನು ಕಂಪ್ಯೂಟರಿಗೆ ಹಾಕುವಾಗ ಕೇಳುವ ಸಿ.ಡಿ. ಕೀ ಸಂಖ್ಯೆ ಸಾಮಾನ್ಯವಾಗಿ ಕೈಪಿಡಿಯ ಹಿಂಬದಿಯಲ್ಲೋ ಸಿ.ಡಿ. ಕೇಸಿನ ಮೇಲೋ ಇರುತ್ತದೆ, ಬೇರೆಡೆ ಬರೆದಿಟ್ಟುಕೊಳ್ಳಿ. ಕೊನೆಗೂ ಮನೆಯಲ್ಲಿ ಜಾಗವಿಲ್ಲ ಎನಿಸಿದರೆ ಬಿಡಿ ಬಿಡಿಯಾಗಿ ಮಾರದೆ, ನೋಂದಣಿ ಚೀಟಿಯನ್ನೂ ಬಿಡದೆ ಇಡೀ ಪೆಟ್ಟಿಗೆಯನ್ನು ಆಸಕ್ತರೊಬ್ಬರಿಗೆ ಕೊಡಿ.