ಓದುಗರ ಪ್ರಶ್ನೆ: ಆಟಿಕೆ ಅಂಗಡಿಯ ಹಳೆ ಸಾಮಾನು

ಊರಿನ ಹಳೆಯ ಆಟಿಕೆ ಅಂಗಡಿಗಳ ನೆನಪು ಬರೆದು ಕಳಿಸಿ ಎಂದು ಹಿಂದಿನ ಸಂಚಿಕೆಯಲ್ಲಿ ಕೇಳಿದ್ದೆವು. ನೆನಪುಗಳೇನೋ ಬಂದವು, ಆದರೆ ಅಟ್ಟದಿಂದ ಇಳಿಸಿದ ಸಾಮಾನಿನ ಬಗ್ಗೆ ಪ್ರಶ್ನೆಗಳೇ ಹೆಚ್ಚು. ಕೆಲವಕ್ಕೆ ಇಲ್ಲಿ ಉತ್ತರ.

ಮುತ್ಯಾನ ಆಟಿಗಿ ಅಂಗಡಿ ಮುಚ್ಚಿ ಬಾಳ ವರ್ಷ ಆತು. ಟ್ರಂಕಿನ್ಯಾಗ ಕಿನ್ನಾಳ ಗೊಂಬಿ ಸಿಕ್ಕಾವು. ಧೂಳ ಹೋಗ್ಲಿ ಅಂತ ಹಸಿ ಅರಿವಿಲೆ ಒರಿಸಿದ್ರ ಗರುಡನ ರೆಕ್ಕಿ ಮ್ಯಾಲಿನ ಬಣ್ಣ ಪದರಾಗಿ ಎದ್ದು ಬಂತು. ಏನ್ ಮಾಡಬೇಕ್ರಿ? — ಕೊಪ್ಪಳದ ಓದುಗರು

ಮೊದಲು ನೀರು ಮುಟ್ಟಿಸುವುದನ್ನು ನಿಲ್ಲಿಸಿ. ಕಿನ್ನಾಳ ಗೊಂಬೆಯನ್ನು ಹಗುರ ಮರದಲ್ಲಿ ಕೆತ್ತಿ, ಬಿಡಿ ಭಾಗಗಳನ್ನು ಹುಣಸೆ ಬೀಜದ ಅಂಟಿನಿಂದ ಜೋಡಿಸುತ್ತಾರೆ. ಅದರ ಮೇಲೆ ಕಿಟ್ಟ ಬಳಿಯುತ್ತಾರೆ. ಗೋಣಿ ಚೂರುಗಳನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಕಟ್ಟಿಗೆ ಹೊಟ್ಟಿನ ಜೊತೆ ಅದೇ ಅಂಟಿನಲ್ಲಿ ಕಲಸಿದ್ದು ಕಿಟ್ಟ. ಅದರ ಮೇಲೆ ಹತ್ತಿಯ ಚೂರು, ಆಮೇಲೆ ಕಲ್ಲುಪುಡಿಯ ಲೇಪ, ಕೊನೆಗೆ ಬಣ್ಣ. ಕಿರೀಟ, ಸರ, ಅಂಚಿನ ಉಬ್ಬುಗೆಲಸವೂ ಕಲ್ಲುಪುಡಿ ಮತ್ತು ಅಂಟಿನದೇ. ಇಷ್ಟೂ ಪದರಗಳನ್ನು ಹಿಡಿದಿಟ್ಟಿರುವ ಅಂಟು ನೀರು ಕುಡಿದರೆ ಉಬ್ಬುತ್ತದೆ, ಮೇಲಿನ ಲೇಪ ಬಿಡುತ್ತದೆ. ನಿಮ್ಮ ಗರುಡನಿಗೆ ಆಗಿದ್ದು ಇದೇ.

ಉದುರಿದ ಚಕ್ಕೆಗಳನ್ನು ಬಿಸಾಡಬೇಡಿ. ಕಾಗದದ ಮೇಲೆ ಮುಖ ಮೇಲಾಗಿ ಹರವಿ ಎರಡು ದಿನ ನೆರಳಿನಲ್ಲಿ ಆರಿಸಿ. ಗೊಂಬೆಯೂ ಅಷ್ಟೇ ಆರಬೇಕು. ಬಿಸಿಲಿಗೆ ಇಟ್ಟರೆ ಮರ ಒಂದು ಲೆಕ್ಕದಲ್ಲಿ, ಲೇಪ ಇನ್ನೊಂದು ಲೆಕ್ಕದಲ್ಲಿ ಕುಗ್ಗಿ, ಗಟ್ಟಿಯಿದ್ದ ಕಡೆಯೂ ಬಿರುಕು ಬರುತ್ತದೆ.

ಅಂಟು ಮನೆಯಲ್ಲೇ ಮಾಡಿಕೊಳ್ಳಬಹುದು. ಹುಣಸೆ ಬೀಜ ಹುರಿದು, ಕುಟ್ಟಿ, ಕಂದು ಸಿಪ್ಪೆ ಪೂರ್ತಿ ತೆಗೆಯಿರಿ. ಬಿಳಿ ತಿರುಳು 10 ಗ್ರಾಂ ಇದ್ದರೆ 100ರಿಂದ 120 ಮಿಲಿಲೀಟರ್ ನೀರು ಸಾಕು. ರಾತ್ರಿಯಿಡೀ ನೆನೆಸಿ, ನುಣ್ಣಗೆ ರುಬ್ಬಿ, ತಣ್ಣಗಿರುವಾಗಲೇ ಚೆನ್ನಾಗಿ ಕದಡಿ ಒಲೆಗೆ ಇಡಿ. ಕುದಿಯುವ ನೀರಿಗೆ ಸುರಿದರೆ ಗಂಟಾಗುತ್ತದೆ, ಆ ಗಂಟು ಮತ್ತೆ ಒಡೆಯುವುದಿಲ್ಲ. ಸಣ್ಣ ಉರಿಯಲ್ಲಿ ಕಾಲು ಗಂಟೆ ಕೈಬಿಡದೆ ತಿರುವಿ, ತೆಳು ಬಟ್ಟೆಯಲ್ಲಿ ಸೋಸಿ. ಅಂದಂದಿಗೆ ಬೇಕಾದಷ್ಟೇ ಮಾಡಿ, ಮರುದಿನಕ್ಕೆ ಹುಳಿ ವಾಸನೆ ಬಂದಿದ್ದರೆ ಚೆಲ್ಲಿ. ಬೂಷ್ಟು ಹಿಡಿಯದಿರಲಿ ಎಂದು ಇಂಥ ಅಂಟಿಗೆ ಮೈಲುತುತ್ತ ಹಾಕುವವರಿದ್ದಾರೆ. ಅದು ವಿಷ, ಮಕ್ಕಳ ಕೈಗೆ ಹೋಗುವ ಗೊಂಬೆಗೆ ಬೇಡವೇ ಬೇಡ.

ಸೊನ್ನೆ ನಂಬರಿನ ಬ್ರಷ್‌ನಲ್ಲಿ ಚಕ್ಕೆಯ ಹಿಂಬದಿಗೆ ಮಾತ್ರ ತೆಳ್ಳಗೆ ಸವರಿ ಕೂರಿಸಿ. ಮೇಲೆ ಬಟರ್ ಪೇಪರ್ ಇಟ್ಟು, ಮರಳು ತುಂಬಿದ ಸಣ್ಣ ಬಟ್ಟೆ ಚೀಲದ ಭಾರ ಹೇರಿ ಒಂದು ದಿನ ಬಿಡಿ. ಫೆವಿಕಾಲ್ ಬೇಗ ಹಿಡಿಯುತ್ತದೆ ನಿಜ, ಆದರೆ ಮುಂದೆ ಆ ಜಾಗ ಬಿಚ್ಚಬೇಕಾದರೆ ಲೇಪ, ಬಣ್ಣ ಎರಡೂ ಕಿತ್ತುಬರುತ್ತವೆ. ಅಂಗೈಯಗಲಕ್ಕಿಂತ ಹೆಚ್ಚು ಹೋಗಿದ್ದರೆ ನೀವೇ ಬಣ್ಣ ತುಂಬಲು ಹೋಗಬೇಡಿ. ಕಿನ್ನಾಳ ನಿಮ್ಮ ತಾಲೂಕಿನದೇ ಊರು, ಚಿತ್ರಗಾರ ಮನೆತನದವರ ಬಳಿ ಒಯ್ಯಿರಿ. ಉಳಿದ ಗೊಂಬೆಗಳ ಧೂಳಿಗೆ ಒಣ ಮೆತ್ತನೆ ಬ್ರಷ್ ಸಾಕು. ಗೊಂಬೆಯ ಬುಡದಲ್ಲಿ ಹೊಸದಾಗಿ ಹಿಟ್ಟಿನಂಥ ಹುಡಿ ಬೀಳುತ್ತಿದ್ದರೆ ಒಳಗೆ ಹುಳ ಇದೆ ಎಂದರ್ಥ. ಅಂಥದ್ದನ್ನು ಬೇರೆ ಚೀಲದಲ್ಲಿ ಕಟ್ಟಿಡಿ. ಟ್ರಂಕಿಗೆ ಬೇವಿನೆಲೆ ಹಾಕುವ ರೂಢಿ ಇದೆ, ಮರದೊಳಗೆ ಕೂತ ಹುಳಕ್ಕೆ ಅದು ಮುಟ್ಟುವುದಿಲ್ಲ.

ನಮ್ಮಲ್ಲಿರುವುದು ಕಿನ್ನಾಳದ್ದೋ ಚನ್ನಪಟ್ಟಣದ್ದೋ ಗುರುತಿಸುವುದು ಹೇಗೆ? — ಗಂಗಾವತಿಯ ಓದುಗರು

ಚನ್ನಪಟ್ಟಣದ್ದು ಚರಕಿಯ ಮೇಲೆ ತಿರುಗಿಸಿ ಮಾಡಿದ್ದು, ಹಾಗಾಗಿ ಎಲ್ಲಿ ಅಡ್ಡ ಕೊಯ್ದರೂ ದುಂಡು. ಅರಗಿನ ಬಣ್ಣವನ್ನು ತಿರುಗುತ್ತಿರುವಾಗಲೇ ಒತ್ತಿ ಹಿಡಿಯುವುದರಿಂದ ಮೈತುಂಬ ನುಣುಪು ಹೊಳಪು. ಕಿನ್ನಾಳದ್ದು ಉಳಿಯಲ್ಲಿ ಕೆತ್ತಿದ್ದು. ಮೂಗು, ಮೊಣಕೈ, ಬೆರಳು ಇರುತ್ತವೆ, ಒಡವೆ ಬೆರಳಿಗೆ ಉಬ್ಬಾಗಿ ತಾಗುತ್ತದೆ, ಕುಂಚದ ಗೆರೆ ಕಣ್ಣಿಗೆ ಕಾಣುತ್ತದೆ. ಅನುಮಾನವಿದ್ದರೆ ಪೀಠದ ಅಡಿ ನೋಡಿ, ಬಣ್ಣ ಸವೆದಲ್ಲಿ ಬಿಳಿ ಲೇಪ ಕಂಡರೆ ಕಿನ್ನಾಳದ ಕಡೆ ವಾಲಬಹುದು.

ತಗಡಿನ ದೋಣಿ, ದೀಪ ಹಚ್ಚಿದರೆ ಟಪಟಪ ಎನ್ನುತ್ತಾ ನೀರಿನಲ್ಲಿ ಓಡುತ್ತಿತ್ತು. ಈಗ ಎಷ್ಟು ಹೊತ್ತು ದೀಪ ಇಟ್ಟರೂ ಅಲ್ಲಾಡುವುದಿಲ್ಲ. — ಬಳ್ಳಾರಿಯ ಓದುಗರು

ಹತ್ತರಲ್ಲಿ ಎಂಟು ದೋಣಿಗಳ ರೋಗ ಒಂದೇ, ದೀಪದ ಮೇಲಿನ ಪುಟ್ಟ ಡಬ್ಬಿಯಿಂದ ಹಿಂಬದಿಗೆ ಬರುವ ಎರಡು ಕೊಳವೆಗಳಲ್ಲಿ ನೀರಿಲ್ಲ. ತೊಟ್ಟಿಗೆ ಬಿಟ್ಟ ಮಾತ್ರಕ್ಕೆ ನೀರು ತಾನಾಗಿ ಒಳಗೆ ಏರುವುದಿಲ್ಲ. 5 ಮಿಲಿಲೀಟರ್ ಸಿರಿಂಜಿನಿಂದ, ಸೂಜಿ ತೆಗೆದು, ಒಂದು ಕೊಳವೆಗೆ ನೀರು ಬಿಡಿ. ಇನ್ನೊಂದರಿಂದ ಗುಳ್ಳೆಯಿಲ್ಲದೆ ಧಾರೆ ಬರುವವರೆಗೂ ಬಿಡಬೇಕು. ಎರಡೂ ಬಾಯಿಗಳನ್ನು ಬೆರಳಿನಲ್ಲಿ ಮುಚ್ಚಿಕೊಂಡೇ ದೋಣಿಯನ್ನು ನೀರಿಗಿಳಿಸಿ, ಬಾಯಿ ಮುಳುಗಿದ ಮೇಲೆ ಬೆರಳು ತೆಗೆಯಿರಿ. ಶೇಂಗಾ ಎಣ್ಣೆಯಲ್ಲಿ ಅದ್ದಿದ ಹತ್ತಿಯ ಬತ್ತಿ ಸಾಕು. ಉರಿ ಒಂದು ಸೆಂಟಿಮೀಟರಿನಷ್ಟಿದ್ದು, ಅದರ ತುದಿ ಮಾತ್ರ ಡಬ್ಬಿಯ ತಳಕ್ಕೆ ತಾಗಬೇಕು. ಒಂದು ನಿಮಿಷದೊಳಗೆ ಸದ್ದು ಶುರುವಾಗುತ್ತದೆ.

ಒಳಗೆ ನಡೆಯುವುದಿಷ್ಟು. ಪುಟ್ಟ ಡಬ್ಬಿಯ ನೀರು ಆವಿಯಾಗಿ ಹಿಗ್ಗಿ, ಕೊಳವೆಯ ನೀರನ್ನು ಹಿಂದಕ್ಕೆ ತಳ್ಳುತ್ತದೆ. ಆವಿ ಕೊಳವೆಯ ತಂಪಿಗೆ ಬಂದು ಮತ್ತೆ ನೀರಾದಾಗ ಒಳಗೆ ಖಾಲಿಯಾಗಿ ಹೊರಗಿನ ನೀರನ್ನು ಎಳೆದುಕೊಳ್ಳುತ್ತದೆ. ಹೋಗುವಾಗ ನೀರು ಒಂದೇ ಧಾರೆಯಾಗಿ ಹಿಂದಕ್ಕೆ ಹೋಗುತ್ತದೆ, ಬರುವಾಗ ಸುತ್ತಲಿಂದ ಬರುತ್ತದೆ. ಅದಕ್ಕೇ ದೋಣಿ ಹಿಂದುಮುಂದು ಜೀಕದೆ ಮುಂದಕ್ಕೇ ಸಾಗುತ್ತದೆ. ಟಪಟಪ ಸದ್ದು ಡಬ್ಬಿಯ ಮೇಲಿನ ತೆಳು ತಗಡು ಉಬ್ಬಿ ತಗ್ಗುವುದರದು. ಥಾಮಸ್ ಪಿಯೊ ಎಂಬವರು 1891ರಲ್ಲಿ ಇಂಗ್ಲೆಂಡಿನಲ್ಲಿ ಈ ಬಗೆಯ ದೋಣಿಗೆ ಪೇಟೆಂಟ್ ಅರ್ಜಿ ಹಾಕಿದ್ದರು. ನಮ್ಮ ಜಾತ್ರೆಯ ಆಟಿಕೆಯ ವಯಸ್ಸು ಕಡಿಮೆಯದೇನಲ್ಲ!

ನೀರು ತುಂಬಿದರೂ ಸುಮ್ಮನಿದ್ದರೆ ಸೋರಿಕೆ ಹುಡುಕಿ. ಬಕೆಟ್ಟಿನಲ್ಲಿ ಮುಳುಗಿಸಿ, ಒಂದು ಕೊಳವೆ ಮುಚ್ಚಿ, ಇನ್ನೊಂದಕ್ಕೆ ಸಣ್ಣ ರಬ್ಬರ್ ನಳಿಕೆ ಹಾಕಿ ಊದಿದರೆ ಗುಳ್ಳೆ ಎದ್ದ ಕಡೆ ಬೆಸುಗೆ ಬಿಟ್ಟಿದೆ. ಆ ಸೀಸ–ತವರದ ಬೆಸುಗೆ ಸುಮಾರು 183 ಡಿಗ್ರಿ ಸೆಲ್ಸಿಯಸ್‌ಗೇ ಕರಗಲು ಶುರುವಾಗುತ್ತದೆ. ಡಬ್ಬಿಯಲ್ಲಿ ನೀರಿರುವವರೆಗೆ ಶಾಖ ಅಲ್ಲಿಗೆ ಮುಟ್ಟುವುದಿಲ್ಲ, ಒಣ ಡಬ್ಬಿಗೆ ದೀಪ ಇಟ್ಟರೆ ಬೇಗ ಮುಟ್ಟುತ್ತದೆ. ನೀವು ‘ಎಷ್ಟು ಹೊತ್ತು ಇಟ್ಟರೂ’ ಎಂದು ಬರೆದಿರುವುದರಿಂದ ನಮ್ಮ ಅನುಮಾನ ಇದರ ಮೇಲೇ. ರೇಡಿಯೋ ರಿಪೇರಿಯವರ ಬೆಸುಗೆ ಕಡ್ಡಿಯಲ್ಲಿ ಹಾಕಿಸಿ. ಎಂ-ಸೀಲ್ ಮೆತ್ತಿದರೆ ಉರಿಯ ಪಕ್ಕದಲ್ಲಿ ಬಾಳುವುದಿಲ್ಲ. ಇನ್ನು ಬೋರ್‌ವೆಲ್ಲಿನ ಗಡಸು ನೀರು ಒಳಗೆ ಬಿಳಿ ಪೊರೆ ಕಟ್ಟಿ ಸಣ್ಣ ಕೊಳವೆ ಮುಚ್ಚುವುದುಂಟು. ಅರ್ಧ ಲೋಟ ನೀರಿಗೆ ಒಂದು ನಿಂಬೆಹಣ್ಣಿನ ರಸ ಹಿಂಡಿ, ಸೋಸಿ, ಸಿರಿಂಜಿನಲ್ಲಿ ತುಂಬಿ ಅರ್ಧ ಗಂಟೆ ಬಿಟ್ಟು ತೊಳೆಯಿರಿ. ಮುಂದೆ ಫಿಲ್ಟರ್ ನೀರನ್ನೇ ಹಾಕಿ.

ಹಳೆ ದಾಸ್ತಾನಿನಲ್ಲಿ ಪಿಸ್ತೂಲಿಗೆ ಹಾಕುವ ರೀಲ್ ಪಟಾಕಿ ಡಬ್ಬಿಗಳಿವೆ. ಹಾರುತ್ತಾವೇನು ನೋಡಬಹುದಾ? — ರಾಯಚೂರಿನ ಓದುಗರು

ಬೇಡ. ಅದರಲ್ಲಿರುವುದು ಪೊಟ್ಯಾಸಿಯಂ ಕ್ಲೋರೇಟ್ ಮತ್ತು ಕೆಂಪು ರಂಜಕ. ಉಜ್ಜಿದರೂ ಸಾಕು, ಹೊತ್ತಿಕೊಳ್ಳುತ್ತದೆ. ಹಳೆ ಕಾಗದ ಹರಿದು ಚುಕ್ಕಿಗಳ ಪುಡಿ ಡಬ್ಬಿಯ ತಳದಲ್ಲಿ ಸೇರಿದ್ದರೆ ಒಟ್ಟಿಗೇ ಸಿಡಿಯಬಹುದು. ಮುಚ್ಚಳ ತಿರುಚಿ ತೆಗೆಯಬೇಡಿ, ಉಗುರಿನಲ್ಲಿ ಕೆರೆಯಬೇಡಿ. ಮೆಲ್ಲಗೆ ಎತ್ತಿ, ಡಬ್ಬಿ ಸಮೇತ ಬಕೆಟ್ ನೀರಿನಲ್ಲಿ ಮುಳುಗಿಸಿ ಹೊರಗಡೆ ಇಡಿ. ರಾಶಿ ದೊಡ್ಡದಿದ್ದರೆ ಮುಟ್ಟಲೇ ಬೇಡಿ, ಅಗ್ನಿಶಾಮಕ ಠಾಣೆಗೆ ತಿಳಿಸಿ.

ಕೀಲಿ ಕೊಡುವ ತಗಡಿನ ಕಾರು. ಕೀಲಿ ತಿರುಗುತ್ತದೆ, ಚಕ್ರ ತಿರುಗುವುದಿಲ್ಲ. ಮೊಮ್ಮಗನಿಗೆ ಕೊಡಬೇಕೆಂದಿದೆ. — ಸಂಡೂರಿನ ಓದುಗರು

ಕೀಲಿ ಬಿಗಿಯಾಗದೆ ಸುಮ್ಮನೆ ತಿರುಗುತ್ತಿದ್ದರೆ ಸ್ಪ್ರಿಂಗಿನ ತುದಿ ಕೊಕ್ಕೆಯಿಂದ ಜಾರಿದೆ ಅಥವಾ ಮುರಿದಿದೆ, ಬಿಚ್ಚದೆ ವಿಧಿಯಿಲ್ಲ. ಬಿಗಿಯಾಗಿಯೂ ಓಡದಿದ್ದರೆ ಹಳೆ ಎಣ್ಣೆ ಒಣಗಿ ಹಲ್ಲಿನ ಚಕ್ರಗಳನ್ನು ಹಿಡಿದಿದೆ. ಹೊಲಿಗೆ ಯಂತ್ರದ ಎಣ್ಣೆಯನ್ನು ಸೂಜಿ ತುದಿಯಿಂದ ಪ್ರತಿ ಅಚ್ಚಿಗೆ ಒಂದೇ ಹನಿ ಬಿಟ್ಟು, ಒಂದು ದಿನ ಬಿಟ್ಟು ನೋಡಿ. ಕೊಬ್ಬರಿ ಎಣ್ಣೆ ಬೇಡ, ಚಳಿಗಾಲದಲ್ಲಿ ಅದೇ ಗಟ್ಟಿಯಾಗುತ್ತದೆ. ತಗಡಿನ ನಾಲಿಗೆಗಳನ್ನು ಮಡಚಿ ಜೋಡಿಸಿದ ಆಟಿಕೆ ಇದು. ಎರಡು ಮೂರು ಸಲ ಬಿಚ್ಚಿ ಮಡಚುವಷ್ಟರಲ್ಲಿ ನಾಲಿಗೆ ಮುರಿಯುತ್ತದೆ, ಆದ್ದರಿಂದ ಬಿಚ್ಚುವುದು ಕೊನೆಯ ಉಪಾಯ. ಬಿಚ್ಚುವ ಮೊದಲು ಸ್ಪ್ರಿಂಗ್ ಪೂರ್ತಿ ಸಡಿಲವಾಗಿರಲಿ, ಇಲ್ಲದಿದ್ದರೆ ಬೆರಳು ಕುಯ್ಯುತ್ತದೆ.

ನಿಮ್ಮ ಕಡೆ ಧೂಳಿನಲ್ಲಿ ಅದಿರಿನ ಪುಡಿಯೂ ಇರುತ್ತದೆ, ಬಟ್ಟೆಯಲ್ಲಿ ತಿಕ್ಕಿದರೆ ಮೇಲೆ ಅಚ್ಚಾದ ಚಿತ್ರ ಗೀರು ಬೀಳುತ್ತದೆ. ಬ್ರಷ್‌ನಲ್ಲಿ ಉದುರಿಸಿ. ಹುಣಸೆಹಣ್ಣು, ಬೂದಿ ಹಚ್ಚಿದರೆ ಚಿತ್ರವೇ ಹೋಗುತ್ತದೆ. ಮೊಮ್ಮಗ ಬಾಯಿಗಿಡುವ ವಯಸ್ಸಿನವನಾದರೆ ಕೈಗೆ ಕೊಡಬೇಡಿ. ಹಳೆ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಮನೆ ಬಳಕೆಯ ಬಣ್ಣಕ್ಕೇ ನಮ್ಮಲ್ಲಿ ಸೀಸದ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮಿತಿ ಜಾರಿಯಾದದ್ದು 2017ರ ನವೆಂಬರಿನಲ್ಲಿ.

ಅಂಗಡಿಯೊಳಗ ಕಿನ್ನಾಳ ಗೊಂಬಿ ಇಡಬೇಕಂತೀನ್ರಿ. ಐಎಸ್‌ಐ ಗುರುತು ಇಲ್ಲಂದ್ರ ತಪ್ಪಾಗತೈತೇನು? — ಸಿಂಧನೂರಿನ ವ್ಯಾಪಾರಿ

14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು 2021ರ ಜನವರಿ 1ರಿಂದ ಕಡ್ಡಾಯ. ಆದರೆ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿದ ಕುಶಲಕರ್ಮಿಗಳು ತಯಾರಿಸಿ ಮಾರುವ ಆಟಿಕೆಗೂ, ಭೌಗೋಳಿಕ ಸೂಚಿಯ (ಜಿಐ, ಒಂದು ಊರಿನ ವಿಶಿಷ್ಟ ಉತ್ಪನ್ನಕ್ಕೆ ಸಿಗುವ ನೋಂದಣಿ) ಅಧಿಕೃತ ಬಳಕೆದಾರರು ತಯಾರಿಸಿ ಮಾರುವ ನೋಂದಾಯಿತ ಉತ್ಪನ್ನಕ್ಕೂ ವಿನಾಯಿತಿ ಇದೆ. ಕಿನ್ನಾಳ ಗೊಂಬೆಗೆ ಭೌಗೋಳಿಕ ಸೂಚಿ ಇದೆ. ವಿನಾಯಿತಿ ಇರುವುದು ತಯಾರಿಸಿದವರ ಹೆಸರಿನಲ್ಲಿ. ಹಾಗಾಗಿ ನೇರ ಅವರಿಂದಲೇ ಬಿಲ್ ಸಮೇತ ಕೊಳ್ಳಿ, ಅವರ ಗುರುತಿನ ಚೀಟಿಯ ಪ್ರತಿ ಇಟ್ಟುಕೊಳ್ಳಿ. ಕಿನ್ನಾಳದ್ದೆಂದು ಹೇಳಿ ಬೇರೆ ಕಡೆಯ ಅಚ್ಚಿನ ಗೊಂಬೆ ಸೇರಿಸಿದರೆ ಈ ರಕ್ಷಣೆ ಸಿಗುವುದಿಲ್ಲ.

ಮಣ್ಣೆತ್ತಿನ ಅಮಾಸಿಗೆ ಮಕ್ಕಳು ಮಾಡಿದ ಎತ್ತು ಒಣಗೂದರಾಗ ಸೀಳತಾವು. — ಮಾನ್ವಿಯ ಓದುಗರು

ಹೊಲದ ಎರೆಮಣ್ಣು ತಂದಿರುತ್ತೀರಿ. ಅದು ನೀರು ಕುಡಿದು ಬಹಳ ಹಿಗ್ಗುತ್ತದೆ, ಆರುವಾಗ ಅಷ್ಟೇ ಕುಗ್ಗುತ್ತದೆ. ಮೂರು ಪಾಲು ಮಣ್ಣಿಗೆ ಒಂದು ಪಾಲು ಜರಡಿ ಹಿಡಿದ ಸಣ್ಣ ಮರಳು ಮತ್ತು ಒಂದು ಹಿಡಿ ನುಣ್ಣನೆ ಹೊಟ್ಟು ಸೇರಿಸಿ ಹಿಂದಿನ ದಿನವೇ ಕಲಸಿಡಿ. ಕಾಲು, ಕೋಡು ಜೋಡಿಸುವಾಗ ಎರಡೂ ಕಡೆ ಕಡ್ಡಿಯಿಂದ ಗೀರಿ, ತೆಳು ಕೆಸರು ಹಚ್ಚಿ ಒತ್ತಬೇಕು. ಬಿಸಿಲಿಗೆ, ಫ್ಯಾನಿನ ಗಾಳಿಗೆ ಇಡಬೇಡಿ. ಹಸಿ ಬಟ್ಟೆ ಹೊದಿಸಿ ಮೊದಲ ದಿನ, ಆಮೇಲೆ ತೆರೆದು ಎರಡು ದಿನ ನೆರಳಿನಲ್ಲಿ. ಡುಬ್ಬ ದಪ್ಪವಾಗಿದ್ದರೆ ಹೊಟ್ಟೆಯ ಕೆಳಗಿಂದ ಬೆರಳು ತೂರಿಸಿ ಟೊಳ್ಳು ಮಾಡಿ.