ಕೇಳಿದ್ದೀರಿ, ಹೇಳ್ತೀವಿ: ವಲೀರಿಯಾ ಎಲ್ಲಿತ್ತು?

ಪ್ರಶ್ನೆ (ಡೊಂಬಿವಲಿಯಿಂದ): ಮಗ ಗೇಮ್ ಆಫ್ ಥ್ರೋನ್ಸ್ ಅನ್ನೋ ಇಂಗ್ಲಿಷ್ ಸೀರಿಯಲ್ ಹಾಕ್ಕೊಂಡು ಕೂತ್ರೆ ಊಟಕ್ಕೂ ಏಳಲ್ಲ. ಅದರಲ್ಲಿ ಎಲ್ರೂ ವಲೀರಿಯಾ ವಲೀರಿಯಾ ಅಂತಾರೆ, ಊರು ಮಾತ್ರ ಸರಿಯಾಗಿ ತೋರ್ಸಲ್ಲ. ಯಾವ ರಾಜನ ರಾಜಧಾನಿ ಅದು?

ತೋರ್ಸೋಕೆ ಊರೇ ಉಳ್ದಿಲ್ಲ ಮಾರಾಯ್ರೆ, ಕತೆ ಶುರುವಾಗೋ ಹೊತ್ತಿಗೆ ಅದು ಹಾಳಾಗಿ ಸುಮಾರು 400 ವರ್ಷ ಆಗಿದೆ. ಇನ್ನು ರಾಜ ಅಂದ್ರಲ್ಲ, ಅಲ್ಲಿ ರಾಜ ಅಂತ ಯಾರೂ ಇರ್ಲೇ ಇಲ್ಲ! ಕತೆಯಲ್ಲಿ ಬರೋ ಎಸ್ಸೋಸ್ ಖಂಡದ ದಕ್ಷಿಣಕ್ಕೆ ಒಂದು ಪರ್ಯಾಯದ್ವೀಪ, ಅಲ್ಲಿ 14 ಜ್ವಾಲಾಮುಖಿಗಳ ಸಾಲು, ಅದರ ಹತ್ರ ಕುರಿ ಕಾಯೋರಿಗೆ ಡ್ರ್ಯಾಗನ್ ಸಿಕ್ಕಿ, ಪಳಗಿಸಿ, ಅದರ ಮೇಲೆ ಕೂತು ಹೋಗಿ ಘಿಸ್ ಅನ್ನೋ ಹಳೇ ಸಾಮ್ರಾಜ್ಯನ ಐದು ಯುದ್ಧದಲ್ಲಿ ಮುಗಿಸ್ಬಿಟ್ರು. ಜಮೀನಿದ್ದ ಸ್ವತಂತ್ರ ಜನಕ್ಕೆಲ್ಲ ಆಡಳಿತದಲ್ಲಿ ಪಾಲು ಅಂತ ಹೆಸರಿಗೆ ಇತ್ತು, ನಡೀತಿದ್ದದ್ದು ಮಾತ್ರ ಡ್ರ್ಯಾಗನ್ ಇದ್ದ 40 ಮನೆತನದವರ ಮಾತು. ಆ ಗುಡ್ಡಗಳ ಹೊಟ್ಟೆಯೊಳಗೆ ಚಿನ್ನ ಬೆಳ್ಳಿ ತೋಡ್ತಿದ್ದದ್ದು ಗುಲಾಮರು. ನನ್ನ ಕೇಳಿದ್ರೆ ಡ್ರ್ಯಾಗನ್‌ಗಿಂತ ಈ ಗಣಿಗಳ ಕತೆನೇ ಜಾಸ್ತಿ ಭಯ ಹುಟ್ಸತ್ತೆ, ಆದ್ರೆ ಅದನ್ನ ಕೇಳೋರು ಕಮ್ಮಿ. ನಿಮ್ಮ ಮಗ ನೋಡೋ ಸೀರಿಯಲ್‌ನಲ್ಲಿ ಡ್ರ್ಯಾಗನ್ ರಾಣಿ ಬರ್ತಾಳಲ್ಲ, ಅವಳ ಟಾರ್ಗೇರಿಯನ್ ಮನೆತನ ಆ 40ರಲ್ಲಿ ಒಂದು ಅಷ್ಟೇ, ದೊಡ್ಡದೂ ಅಲ್ಲ. ಮನೆ ಮಗಳಿಗೆ ಊರು ಸುಟ್ಟು ಹೋಗೋ ಕನಸು ಬಿತ್ತು ಅಂತ 12 ವರ್ಷ ಮೊದ್ಲೇ ಗಂಟುಮೂಟೆ ಕಟ್ಕೊಂಡು ಹೊರಟ್ರು, ಹಾಗಾಗಿ ಉಳ್ಕೊಂಡ್ರು.

ಪ್ರಶ್ನೆ (ಪುಣೆ, ಕಾಲೇಜು ವಿದ್ಯಾರ್ಥಿ): ವಲೀರಿಯಾದ 14 ಜ್ವಾಲಾಮುಖಿಗಳೂ ಸಿಡಿದು ಒಂದೇ ದಿನದಲ್ಲಿ ಇಡೀ ದೇಶ ಮುಳುಗಿ ಹೋಯ್ತು ಅನ್ನೋದು ಸ್ವಲ್ಪ ಓವರ್ ಅಲ್ವಾ ಸರ್?

ಹದಿನಾಲ್ಕೂ ಒಟ್ಟಿಗೆ ಸಿಡಿದದ್ದು ಕತೆಗಾರನ ಸ್ವಾತಂತ್ರ್ಯ ತಮ್ಮಾ. ಯಾಕೆ ಸಿಡೀತು ಅಂತ ಕತೆ ಬರೆದ ಜಾರ್ಜ್ ಆರ್. ಆರ್. ಮಾರ್ಟಿನ್ ಒಂದೇ ಉತ್ತರ ಕೊಡಲ್ಲ, ಒಬ್ರು ಶಾಪ ಅಂತಾರೆ, ಇನ್ನೊಬ್ರು ಬೆಂಕಿನ ಹಿಡಿದಿಟ್ಟಿದ್ದ ಮಂತ್ರವಾದಿಗಳು ಸತ್ರು ಅಂತಾರೆ, ಹಾಗೆ ಬಿಟ್ಟಿದ್ದೇ ಒಳ್ಳೇದಾಯ್ತು. ನಿಜ ಜಗತ್ತಲ್ಲಿ 1883ರಲ್ಲಿ ಇಂಡೋನೇಷ್ಯಾದ ಕ್ರಾಕಟೋವಾ ಜ್ವಾಲಾಮುಖಿ ಸಿಡಿದು ದ್ವೀಪದ ಬಹುಪಾಲು ಸಮುದ್ರದ ಪಾಲಾಯ್ತು, ಗ್ರೀಸ್‌ನ ಸ್ಯಾಂಟೊರಿನಿ ಸುಮಾರು 3600 ವರ್ಷದ ಹಿಂದೆ ಸಿಡಿದಾಗ ಅಕ್ರೊಟಿರಿ ಅನ್ನೋ ಪಟ್ಟಣ ಪೂರ್ತಿ ಬೂದಿಯಲ್ಲಿ ಹೂತ್ಹೋಯ್ತು. ಅಷ್ಟು ದೂರ ಯಾಕೆ, ನೀವು ಮುಂಬೈಗೆ ಬರೋ ಘಾಟ್ ಇದ್ಯಲ್ಲ, ಅದೂ ಲಾವಾನೇ, ಸುಮಾರು 6.6 ಕೋಟಿ ವರ್ಷದ್ದು. ಮಳೆಗಾಲ ಮುಗಿದ್ಮೇಲೆ ರೈಲಿಂದ ನೋಡಿ, ಬೆಟ್ಟ ಮೆಟ್ಟಿಲು ಮೆಟ್ಟಿಲಾಗಿ ಕಾಣತ್ತೆ, ಒಂದರ ಮೇಲೊಂದು ಹರಿದು ಗಟ್ಟಿಯಾದ ಪದರಗಳವು. ಅಂಧೇರಿಯಲ್ಲಿ ಬಿಲ್ಡಿಂಗ್‌ಗಳ ಮಧ್ಯೆ ನಿಂತಿರೋ ಗಿಲ್ಬರ್ಟ್ ಹಿಲ್ಲೂ ಲಾವಾ ಗಟ್ಟಿಯಾದ ಕಲ್ಲೇ.

ಪ್ರಶ್ನೆ (ವಾಸ್ಕೋದಿಂದ): ಅಲ್ರೀ ಸರ, ನಮ್ಮ ಗೋವಾದಾಗ ಹಂಗ ಕಳದುಹೋದ ರಾಜಧಾನಿ ಯಾವುದರ ಐತೇನ್ರಿ?

ಐತ್ರೀ, ಒಂದಲ್ಲ. ಗೋವಾ ಕದಂಬರು ಮೊದಲು ಚಂದ್ರಪುರದಲ್ಲಿದ್ರು, ಅಂದ್ರೆ ಈಗಿನ ಚಾಂದೋರ್. 11ನೇ ಶತಮಾನದಲ್ಲಿ ಜುವಾರಿ ದಂಡೆಯ ಗೋಪಕಪಟ್ಟಣಕ್ಕೆ ಬಂದ್ರು, ಒಳ್ಳೇ ಬಂದರು, ಹಡಗಿನ ವ್ಯಾಪಾರ ಜೋರಾಗಿತ್ತು. ಈಗ ಗೋವಾ ವೆಲ್ಹಾ ಅಂತೀವಲ್ಲ, ಬಸ್ಸಲ್ಲಿ ಹೋಗೋರು ಕಿಟಕಿಯಿಂದ ನೋಡೋದೂ ಇಲ್ಲ, ಅದೇ ಅದು. 14ನೇ ಶತಮಾನದಲ್ಲಿ ದಿಲ್ಲಿ ಸೈನ್ಯದ ದಾಳಿ ಆಯ್ತು, ನದಿಯಲ್ಲಿ ಹೂಳು ತುಂಬ್ತು, ಹಡಗು ಬರೋದು ನಿಂತ್ಮೇಲೆ ವ್ಯಾಪಾರದವರೂ ಬೇರೆ ಕಡೆ ನೋಡ್ಕೊಂಡ್ರು. ಆಮೇಲೆ ಮಾಂಡವಿ ದಂಡೆಯ ಓಲ್ಡ್ ಗೋವಾ, 1510ರಲ್ಲಿ ಆದಿಲಶಾಹಿಯಿಂದ ಪೋರ್ಚುಗೀಸರ ಕೈಗೆ ಹೋದದ್ದು. ಅಲ್ಲಿ ಜ್ವಾಲಾಮುಖಿ ಬೇಕಾಗ್ಲಿಲ್ಲ, ರೋಗ ಸಾಕಾಯ್ತು, ಮತ್ತೆ ಮತ್ತೆ ಸಾಂಕ್ರಾಮಿಕ ಬಂದು ಜನ ಊರು ಬಿಟ್ರು, 1759ರಲ್ಲಿ ವೈಸ್‌ರಾಯ್ ಕೂಡ ಪಣಜಿ ಕಡೆ ಮನೆ ಬದಲಾಯಿಸಿದ. ನಿಜವಾದ ರಾಜಧಾನಿಗಳು ಬಹಳಷ್ಟು ಹೀಗೇ ಸಾಯೋದು ನೋಡ್ರಿ, ನಿಧಾನಕ್ಕೆ, ಬಾಡಿಗೆದಾರರು ಒಬ್ಬೊಬ್ರೇ ಖಾಲಿ ಮಾಡೋ ಹಳೇ ಚಾಳಿನ ಹಾಗೆ. ಬಿಡುವಿದ್ರೆ ಗೋವಾ ವೆಲ್ಹಾ ಹತ್ರ ಪಿಲಾರ್ ಮ್ಯೂಸಿಯಂ ಇದೆ, ಕದಂಬರ ಕಾಲದ ವಸ್ತು ಇಟ್ಟಿದ್ದಾರೆ, ಹೋಗೋ ಮುಂಚೆ ತೆರೆದಿದ್ಯಾ ಕೇಳ್ಕೊಳ್ಳಿ. ಹತ್ತೋ ಸರ್ಕಾರಿ ಬಸ್ಸಿನ ಹೆಸರೂ ಕದಂಬನೇ!

ಪ್ರಶ್ನೆ (ಠಾಣೆಯಿಂದ): ಗೇಮ್ ಆಫ್ ಥ್ರೋನ್ಸ್‌ನಲ್ಲಿ ಬರೋ ವಲೀರಿಯನ್ ಉಕ್ಕಿನ ಕತ್ತಿ ಆನ್‌ಲೈನಲ್ಲಿ ನೋಡಿದೆ. ಒರಿಜಿನಲ್ಲಾ?

ಕತೆಯಲ್ಲೇ ಅದನ್ನ ಹೊಸದಾಗಿ ಮಾಡೋ ವಿದ್ಯೆ ಊರಿನ ಜತೆ ಹೋಯ್ತು, ಹಳೇದನ್ನ ಕರಗಿಸಿ ಮತ್ತೆ ಹೊಡೆಯೋದಷ್ಟೇ ಕೆಲವು ಕಮ್ಮಾರರಿಗೆ ಗೊತ್ತು. ನಿಮ್ಗೆ ಸಿಕ್ಕಿರೋದು ಗೋಡೆಗೆ ನೇತು ಹಾಕೋದು. ಮೊಳೆ ಗಟ್ಟಿಯಾಗಿ ಹೊಡೀರಿ.